ತೌಡಿಗೆ ಕೊಂಡ ಮಗಳು

ಸನ್ನಿವೇಲ್
ಭಾನುವಾರ, 2 ಫೆಬ್ರವರಿ 2025

ಅಂಬವ್ವ ಅಕ್ಕೋರಿಗೆ ನಿಮ್ಮ ಶಿಷ್ಯೆ ಸತ್ಯವತಿ ಮಾಡುವ ನಮಸ್ಕಾರಗಳು.

ಈಗ ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆ ಜೋಳದ ರೊಟ್ಟಿ ಬಡಿದೆ, ಎರಡು ಹರಿದವು. ಹನ್ನೊಂದಕ್ಕೆ ಮಗಳು ಗಾರ್ಗಿಯ ಜೊತೆ ಗ್ರೋಸರಿಗೆ ಹೋಗಿ ಬಂದೆ. ಊಟವಾದ ಮೇಲೆ ಮೊಮ್ಮಗಳು ತನ್ವಿಯ ಪಕ್ಕ ಕೂತು ಒಂದು ಸಿನಿಮಾ ನೋಡಿದೆ. ಆ ಸಿನಿಮಾದ ದೆಸೆಯಿಂದಲೇ ಈ ಪತ್ರ.

ನಮ್ಮ ಯಜಮಾನರು ಹೋದ ಶ್ರಾವಣದಲ್ಲಿ ತೀರಿಕೊಂಡ ಮೇಲೆ ದಿನಚರಿ ಬರೆಯುವುದು ಅಭ್ಯಾಸವಾಗಿದೆ. ಎದ್ದ ಹೊತ್ತು, ಮಾಡಿದ ಅಡುಗೆ, ಬಂದವರು, ಅಷ್ಟೇ. ಅದಕ್ಕೇ ನಿಮಗೆ ಬರೆಯುವಾಗಲೂ ಗಂಟೆಯಿಂದ ಶುರುವಾಗುತ್ತದೆ. ನಿಮ್ಮ ಕಿವಿ ಸರಿಯಿದ್ದರೆ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ವಿಷಯ ನನ್ನ ಬಾಯಲ್ಲಿ ಬರುತ್ತಿರಲಿಲ್ಲ ಅನ್ನಿಸುತ್ತದೆ.

ತನ್ವಿಗೆ ಹದಿಮೂರು ವರ್ಷ, ಇಲ್ಲಿ ಅಮೆರಿಕದ ಶಾಲೆಯಲ್ಲಿ ಎಂಟನೇ ಕ್ಲಾಸು. ಕೊಟ್ಟ ಸಿನಿಮಾ ನೋಡಿ ಅದರಲ್ಲಿರುವ ಸಂಕೇತಗಳ ಬಗ್ಗೆ ಕ್ಲಾಸಿನಲ್ಲಿ ಮಾತಾಡಬೇಕಂತೆ. ಸಂಕೇತ ಎಂದರೆ, ತೋರಿಸುವುದು ಒಂದು, ಹೇಳುವುದು ಇನ್ನೊಂದು. ಅದು ನನಗೆ ಹೊಸದಲ್ಲ. ಇವರು ದಾವಣಗೆರೆಯ ಟಾಕೀಸಿನಲ್ಲಿ ಮೂವತ್ತು ವರ್ಷ ಸಿನಿಮಾ ಓಡಿಸಿದವರು. ಬುತ್ತಿ ಕೊಡಲು ಹೋದಾಗಲೆಲ್ಲ ಮೆಷಿನ್ ರೂಮಿನ ಕಿಂಡಿಯಿಂದ ನಾನೂ ನೋಡುತ್ತಿದ್ದೆ. ಮೆಷಿನ್ನಿನ ಸದ್ದಿಗೆ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಚಿತ್ರ ನೋಡಿಯೇ ಕತೆ ಕಟ್ಟಿಕೊಂಡು, ಇವರಿಗೆ ಹೇಳಿ, "ಅದಲ್ಲ ಮಾರಾಯ್ತಿ" ಅನ್ನಿಸಿಕೊಳ್ಳುತ್ತಿದ್ದೆ. ಇವತ್ತೂ ಹಾಗೆಯೇ ಆಯಿತು. ಇಂಗ್ಲಿಷು ಅರ್ಥವಾಗಲಿಲ್ಲ, ಚಿತ್ರ ನೋಡಿದೆ, ಎಡವಟ್ಟಾಯಿತು.

ಸಿನಿಮಾದಲ್ಲಿ ಕೆಂಪು ಮಣ್ಣಿನ ಬಯಲು. ಅಲ್ಲೊಬ್ಬ ತಾಯಿ. ಅವಳ ಬಳಿ ಮರದಿಂದ ಕೆತ್ತಿದ ಉದ್ದನೆಯ ಹರಿವಾಣ, ಪುಟ್ಟ ದೋಣಿಯ ಹಾಗೆ. ಕೂಸನ್ನು ಅದರಲ್ಲಿ ಮಲಗಿಸಿ ಸೊಂಟಕ್ಕೆ ಇಟ್ಟುಕೊಂಡು ನಡೆಯುತ್ತಾಳೆ. ಕೂಸು ನಾಲ್ಕೈದು ವರ್ಷದ ಹುಡುಗಿಯಾಗುತ್ತದೆ. ಒಂದು ದಿನ ದೂರದಲ್ಲಿ ಧೂಳೆದ್ದದ್ದು ನೋಡಿ ತಾಯಿ ಒಲೆಯ ಇದ್ದಿಲು ತೇದು ಮಗಳ ಮುಖ, ಕೈ, ಕಾಲಿಗೆಲ್ಲ ಬಳಿಯುತ್ತಾಳೆ. ನಾನು, "ನೋಡು ತನ್ವಿ, ದೃಷ್ಟಿ ಆಗಬಾರದು ಅಂತ" ಅಂದೆ. ಅವಳು ಬರೆದುಕೊಂಡಳು. ಆಮೇಲೆ ಟೋಪಿ ಹಾಕಿದವನೊಬ್ಬ ಮೋಟಾರಿನಲ್ಲಿ ಬಂದು, ಒದ್ದೆ ಬಟ್ಟೆಯಿಂದ ಆ ಇದ್ದಿಲು ಒರೆಸಿ ನೋಡಿ, ಹುಡುಗಿಯನ್ನು ಎತ್ತಿಕೊಂಡು ಹೋದ. ನಾನು ಸಮಾಧಾನವಾಗಿಯೇ ಹೇಳಿದೆ: "ಹೆದರಬೇಡ. ಇದು ಸುಳ್ಳುಸುಳ್ಳೇ ಕೊಡೋದು. ಸಂಜೆಗೆ ವಾಪಸ್ ತಂದುಕೊಡ್ತಾನೆ."

ತನ್ವಿ ಸಿನಿಮಾ ನಿಲ್ಲಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ನೋ ಅಜ್ಜಿ. ವಾಪಸ್ ಕೊಡಲ್ಲ. ನೆವರ್" ಅಂದಳು.

ಆಮೇಲೆ ಬಿಡಿಸಿ ಹೇಳಿದಳು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಕ್ಕಳನ್ನು, ಅದರಲ್ಲೂ ಮೈಬಣ್ಣ ತುಸು ತಿಳಿಯಾಗಿದ್ದವರನ್ನು, ಸರ್ಕಾರವೇ ತಾಯಂದಿರಿಂದ ಕಿತ್ತುಕೊಂಡು ದೂರದ ಹಾಸ್ಟೆಲುಗಳಲ್ಲಿ ಇಡುತ್ತಿತ್ತಂತೆ, ಬಿಳಿಯರ ಹಾಗೆ ಬೆಳೆಸುವುದಕ್ಕೆ. ನಾನು ಹುಟ್ಟಿದ ಮೇಲೂ ಇದು ನಡೆದಿದೆಯಂತೆ. ಇದ್ದಿಲು ದೃಷ್ಟಿಗಲ್ಲ. ಮಗು ಕಪ್ಪಗೆ ಕಾಣಲಿ, ಟೋಪಿಯವನಿಗೆ ಬೇಡವಾಗಲಿ ಎಂದು.

ಮುಂದೆ, ಹಾಸ್ಟೆಲಿನಲ್ಲಿ ಆ ಹುಡುಗಿಯ ಹೆಸರು ಬದಲಿಸುತ್ತಾರೆ. ಅವಳು ಕಾಲ್ಬೆರಳಿನಿಂದ ಮರಳಿನಲ್ಲಿ ಆ ಹರಿವಾಣದ ಚಿತ್ರ ಬರೆಯುವುದು, ಯಾರಾದರೂ ಬಂದರೆ ಅಳಿಸುವುದು. ಕೊನೆಗೆ ತಲೆಗೂದಲು ಬೆಳ್ಳಗಾದ ಮೇಲೆ ಊರಿಗೆ ಬರುತ್ತಾಳೆ. ತಾಯಿ ಇಲ್ಲ. ಮರದ ಕೆಳಗೆ ಆ ಹರಿವಾಣ ಮಾತ್ರ ಇದೆ, ಅದರಲ್ಲಿ ಮಳೆಯ ನೀರು. ಅಲ್ಲಿಗೆ ಮುಗಿಯುತ್ತದೆ.

ಮುಗಿದ ಮೇಲೆ ತನ್ವಿ ಕೇಳಿದಳು, "ಅಜ್ಜಿ, ಸುಳ್ಳುಸುಳ್ಳೇ ಕೊಡೋದು ಅಂತ ಯಾಕಂದೆ?"

ಅಕ್ಕೋರೇ, ನಲವತ್ತೊಂದು ವರ್ಷ ಜೊತೆಗಿದ್ದ ಇವರಿಗೂ ನಾನು ಇದನ್ನು ಹೇಳಿರಲಿಲ್ಲ. ಇವತ್ತು ಮೊಮ್ಮಗಳಿಗೆ ಹೇಳಿಬಿಟ್ಟೆ. ನನಗಿಂತ ಮೊದಲು ಹುಟ್ಟಿದ ಇಬ್ಬರು ಕೂಸಾಗಿರುವಾಗಲೇ ತೀರಿಕೊಂಡದ್ದು, ನಾನು ಹುಟ್ಟಿದಾಗ ಅವ್ವ ನನ್ನನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ನಿಮ್ಮ ಹೊಸ್ತಿಲಿಗೆ ತಂದದ್ದು, ನೀವು ಒಂದು ಹಿಡಿ ತೌಡು ಕೊಟ್ಟು ನನ್ನನ್ನು ಕೊಂಡದ್ದು, "ಇದು ನನ್ನ ಕೂಸು, ನೀ ಸಾಕಿಕೊಡು" ಎಂದು ಅವ್ವನ ಕೈಗೇ ಕೊಟ್ಟದ್ದು. ತೌಡಿಗೆ ಸಿಕ್ಕ ಕೂಸು ಅಂದರೆ ಸಾವಿಗೂ ಬೇಡವಾಗುತ್ತದೆ ಎಂದು. ಅದಕ್ಕೇ ನನ್ನ ಹೆಸರು ತೌಡವ್ವ. ಶಾಲೆಗೆ ಸೇರಿಸುವಾಗ ನೀವು ಸತ್ಯವತಿ ಎಂದು ಬರೆದಿರಿ. ಆದರೂ ಓಣಿಯ ಮಕ್ಕಳು ಬಿಡಲಿಲ್ಲ. "ತೌಡಿ, ತೌಡಿ, ಎಮ್ಮಿ ಬಂತು ಓಡಿ ಓಡಿ."

ತನ್ವಿ ಇಷ್ಟೂ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮಮ್ಮ ನಿನ್ನ ವಾಪಸ್ ತಗೊಂಡ್ರಾ?"

ಮಗುವಿಗೆ ಐದು ತುಂಬಿದಾಗ ತಾಯಿ ಅದೇ ಮೊರದ ತುಂಬ ತೌಡು ಕೊಟ್ಟು ಮಗುವನ್ನು ಮರಳಿ ಪಡೆಯಬೇಕು, ಅದು ನಮ್ಮೂರ ಪದ್ಧತಿ. ನನಗೆ ಐದು ತುಂಬಿದ್ದು ನೆನಪಿದೆ. ಮೊರ ತುಂಬಿದ್ದು ನೆನಪಿಲ್ಲ. ಅವ್ವನನ್ನು ಕೇಳಲು ಅಂಜಿದೆ. ಈಗ ಅವ್ವ ಇಲ್ಲ, ಇವರಿಲ್ಲ. ಬಲ್ಲವರು ನೀವೊಬ್ಬರೇ. ನನ್ನವ್ವ ನನ್ನನ್ನು ವಾಪಸ್ ತೆಗೆದುಕೊಂಡಳೇ? ಮಾರ್ಚ್ ಹದಿನಾಲ್ಕಕ್ಕೆ ತನ್ವಿ ಕ್ಲಾಸಿನಲ್ಲಿ ಮಾತಾಡುತ್ತಾಳೆ. ಅದರೊಳಗೆ ತಿಳಿದರೆ ಅವಳಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ತಿಳಿಯಬೇಕಾದದ್ದು ನನಗೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರಿ.

ನಿಮ್ಮ
ಸತ್ಯವತಿ


ಹಾನಗಲ್
ಸೋಮವಾರ, 24 ಫೆಬ್ರವರಿ 2025

ಚಿ. ಸತ್ಯವತಿಗೆ ಅಂಬವ್ವನ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ತಲುಪಿತು. ಎರಡು ಸಲ ಓದಿದೆ. ಅಕ್ಷರ ಈಗಲೂ ಗುಂಡಗಿವೆ. ಸಾಲು ಮಾತ್ರ ಬಲಕ್ಕೆ ಹೋಗುತ್ತ ಮೇಲೇರುತ್ತವೆ, ಮೂರನೇ ಇಯತ್ತೆಯಲ್ಲಿ ಏರುತ್ತಿದ್ದ ಹಾಗೆಯೇ.

ಇಲ್ಲಿ ನಾನು ಆರಾಮ. ಕೆಳಗಿನ ಹಿಟ್ಟಿನ ಗಿರಣಿಯ ಗುರುಪ್ರಸಾದ ಹೊಸ ಯಂತ್ರ ತಂದಿದ್ದಾನೆ. ಬಹಳ ಸದ್ದು ಮಾಡುತ್ತದೆ ಎಂದು ಓಣಿಯವರು ಜಗಳಕ್ಕೆ ಹೋಗಿದ್ದರು. ನನ್ನನ್ನು ಸಾಕ್ಷಿಗೆ ಕರೆದರು. ನನಗೆ ಏನೂ ಕೇಳಿಸುವುದಿಲ್ಲ ಎಂದು ಸತ್ಯವನ್ನೇ ಹೇಳಿದೆ. ಅವನು ಗೆದ್ದ. ಈಗ ದಿನಾ ಪುಕ್ಕಟೆ ಹಿಟ್ಟು ಕಳಿಸುತ್ತಾನೆ. ನಾಡಿದ್ದು ಶಿವರಾತ್ರಿ. ಉಪವಾಸ ಮಾಡಬೇಡಿರೆಂದು ಡಾಕ್ಟರರು ಹೇಳಿದ್ದಾರೆ. ಮಾಡುವವಳಿದ್ದೇನೆ.

ನೀನು ಕೇಳಿದ ವಿಷಯ ಬಹಳ ಹಳೆಯದು. ನನಗೆ ಎಂಬತ್ತೇಳು ನಡೆಯುತ್ತಿದೆ. ನೆನಪು ಸಾಲದು.

ಶಾಲೆಯಲ್ಲಿ ನಿನ್ನ ಹೆಸರು ಬದಲಿಸಿದ್ದು ನಿನ್ನ ಒಳ್ಳೆಯದಕ್ಕೆ. ಆ ಹೊತ್ತಿಗೆ ಅದು ನನಗೆ ತಪ್ಪು ಎನಿಸಲಿಲ್ಲ. ಆ ಸಿನಿಮಾದವರು ಏನೇ ತೋರಿಸಿರಲಿ, ಎಲ್ಲ ಹೆಸರು ಬದಲಿಸಿದವರೂ ಒಂದೇ ಅಲ್ಲ.

ಈ ಕತೆಯನ್ನೆಲ್ಲ ಮಗು ಶಾಲೆಯಲ್ಲಿ ಹೇಳುವುದು ಬೇಡ. ಅವಳು ಚೆನ್ನಾಗಿ ಓದಲಿ.

ಅಂಬವ್ವ


ಸನ್ನಿವೇಲ್
ಶನಿವಾರ, 15 ಮಾರ್ಚ್ 2025

ಅಂಬವ್ವ ಅಕ್ಕೋರಿಗೆ ಸತ್ಯವತಿಯ ನಮಸ್ಕಾರಗಳು.

ಬೆಳಿಗ್ಗೆ ಹತ್ತೂವರೆ. ಬಟ್ಟೆ ಮೆಷಿನ್ನಿಗೆ ಹಾಕಿದ್ದೇನೆ. ಗಾರ್ಗಿ ಯೋಗಕ್ಕೆ ಹೋಗಿದ್ದಾಳೆ. ತನ್ವಿ ಇನ್ನೂ ಎದ್ದಿಲ್ಲ, ಏಳಿಸುವುದೂ ಇಲ್ಲ. ನಿನ್ನೆ ಅವಳು ದೊಡ್ಡ ಕೆಲಸ ಮಾಡಿದ್ದಾಳೆ.

ನಿಮ್ಮ ಪತ್ರ ಗುರುವಾರ ಬಂತು. ಶುಕ್ರವಾರ ಅವಳು ಮಾತಾಡುವುದಿತ್ತು. ಹೇಳಬೇಡ ಎಂದು ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು, "ಟೀಚರ್ ಅಜ್ಜಿಗೆ ಸಾರಿ ಹೇಳು, ಸ್ಲೈಡ್ಸು ಆಗಿಬಿಟ್ಟಿದೆ" ಅಂದಳು. ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ.

ಮನೆಯವರು ಬಂದು ಕೂರಬಹುದಿತ್ತು. ನಾನೂ ಗಾರ್ಗಿಯೂ ಹಿಂದಿನ ಸಾಲಿನಲ್ಲಿ ಚಿಕ್ಕ ಕುರ್ಚಿಗಳ ಮೇಲೆ ಕೂತೆವು. ತನ್ವಿ ಎದ್ದು ನಿಂತು ಮೊದಲು ಹೇಳಿದ್ದೇನು ಗೊತ್ತೇ? "ಮೈ ಅಜ್ಜಿ ಗಾಟ್ ದಿಸ್ ಮೂವೀ ರಾಂಗ್." ಎಲ್ಲ ಹಿಂದೆ ತಿರುಗಿ ನನ್ನನ್ನು ನೋಡಿದರು. ಗಾರ್ಗಿ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತ ಹೋದಳು. ಇದ್ದಿಲನ್ನು ನಮ್ಮಜ್ಜಿ ದೃಷ್ಟಿಗೆ ಹಚ್ಚುವ ಕಪ್ಪು ಎಂದುಕೊಂಡಳು. ಅದು ತಪ್ಪು. ಆದರೆ ಯಾಕೆ ಹಾಗೆ ಅಂದುಕೊಂಡಳು ಎಂದು ಕೇಳಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಆ ತಾಯಿ ಮಗಳನ್ನು ಯಾರಿಗೂ ಬೇಡವಾಗುವಂತೆ ಮಾಡಿ ಉಳಿಸಿಕೊಳ್ಳಲು ನೋಡಿದಳು. ನಮ್ಮಜ್ಜಿಯ ತಾಯಿಯೂ ಹಾಗೆಯೇ, ಮಗಳಿಗೆ ಎಮ್ಮೆಯ ತಿಂಡಿಯ ಹೆಸರಿಟ್ಟು ಉಳಿಸಿಕೊಂಡಳು.

ಗಾರ್ಗಿ ಕನ್ನಡ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದಳು. ಅವಳಿಗೂ ನಾನು ಹೇಳಿರಲಿಲ್ಲವಲ್ಲ. "ಅಮ್ಮ, ಎಮ್ಮೆ ತಿಂಡಿನಾ?" ಅಂದಳು. "ಆಮೇಲೆ ಹೇಳ್ತೀನಿ, ಮುಂದೇನಂದ್ಲು ಅದನ್ನ ಹೇಳು" ಅಂದೆ.

ತನ್ವಿಯ ಮಾತಾದ ಮೇಲೆ ಟೀಚರು ಒಂದು ಮಾತು ಹೇಳಿದರು. ಹೋಲಿಕೆ ಚೆನ್ನಾಗಿದೆ, ಆದರೆ ಎರಡೂ ಒಂದೇ ಎನ್ನಬೇಡ, ಅದು ಅವರ ಕತೆ ಎಂದು. ನನಗೆ ಅದು ಸರಿ ಅನ್ನಿಸಿತು. ನನ್ನನ್ನು ಕೊಟ್ಟ ದಿನವೂ ನಾನು ಮಲಗಿದ್ದು ಅವ್ವನ ಮಗ್ಗುಲಲ್ಲೇ. ಆ ಹುಡುಗಿ ಮಲಗಿದ್ದು ತಗಡಿನ ಮಾಡಿನ ಕೆಳಗೆ, ಗುರುತಿಲ್ಲದವರ ನಡುವೆ. ಅವರ ದುಃಖ ನಮ್ಮ ಮೊರದಲ್ಲಿ ಹಿಡಿಸುವುದಿಲ್ಲ.

ಕೊನೆಯ ಚಿತ್ರದ ಬಗ್ಗೆ ಚರ್ಚೆಯಾಯಿತು. ಹರಿವಾಣದ ನೀರು ಕಣ್ಣೀರು ಎಂದು ಒಬ್ಬಳು, ಕನ್ನಡಿ ಎಂದು ಇನ್ನೊಬ್ಬ. ಟೀಚರು ನನ್ನನ್ನೂ ಕೇಳಿದರು. ಗಾರ್ಗಿಗೆ ಹೇಳಿದೆ, ಅವಳು ಇಂಗ್ಲಿಷು ಮಾಡಿದಳು. ನೀರು ಏನೋ ನನಗೆ ತಿಳಿಯದು. ಆದರೆ ಅದು ಅಂಗಾತ ಇತ್ತು. ನಮ್ಮ ಕಡೆ ಕೆಲಸ ಮುಗಿದ ಪಾತ್ರೆಯನ್ನು ಬೋರಲು ಹಾಕುತ್ತೇವೆ. ಅಂಗಾತ ಇಟ್ಟರೆ ಇನ್ನೂ ಬೇಕು ಎಂದು. ತಾಯಿ ಸಾಯುವವರೆಗೂ ಅದನ್ನು ಬೋರಲು ಹಾಕಲಿಲ್ಲ. ಅದಕ್ಕೇ ಅದರಲ್ಲಿ ಮಳೆ ನಿಂತಿತು.

ಟೀಚರು ಆ ಭಾಗವನ್ನು ಮತ್ತೆ ಹಾಕಿದರು. ಎಲ್ಲರೂ ಇನ್ನೊಮ್ಮೆ ನೋಡಿದರು. ಅಕ್ಕೋರೇ, ಮೆಷಿನ್ ರೂಮಿನ ಕಿಂಡಿಯಲ್ಲಿ ಕಲಿತದ್ದಕ್ಕೆ ಇಲ್ಲಿ ಬೆಲೆ ಬಂತು. ಇವರಿದ್ದಿದ್ದರೆ ನಿನ್ನೆ ಒಂದು ದಿನ "ಅದಲ್ಲ ಮಾರಾಯ್ತಿ" ಅನ್ನುತ್ತಿರಲಿಲ್ಲ. ಹೊರಗೆ ಬಂದ ಮೇಲೆ ಒಬ್ಬ ಹುಡುಗಿ ತನ್ವಿಯನ್ನು, ನಿಮ್ಮಜ್ಜಿಯನ್ನು ಈಗಲೂ ತೌಡಿಗೆ ಕೊಡ್ತೀರಾ ಎಂದು ಕೇಳಿದಳಂತೆ. ಇವಳು, "ಇಲ್ಲ, ಈಗ ಅಡುಗೆ ಚೆನ್ನಾಗಿ ಮಾಡ್ತಾಳೆ" ಅಂದಳಂತೆ.

ಇನ್ನು ನಿಮ್ಮ ಪತ್ರ. ನೆನಪು ಸಾಲದು ಎಂದು ಬರೆದಿದ್ದೀರಿ. ನನ್ನ ಸಾಲು ಮೂರನೇ ಇಯತ್ತೆಯಲ್ಲಿ ಯಾವ ಕಡೆ ಏರುತ್ತಿತ್ತೆಂದು ಅದೇ ಪತ್ರದಲ್ಲಿ ಬರೆದಿದ್ದೀರಿ. ನಾನು ದಡ್ಡಿ, ಆದರೆ ಇಷ್ಟು ದಡ್ಡಿಯಲ್ಲ. ನನಗೆ ಅರ್ಥವಾಯಿತು. ಅವ್ವ ಬರಲೇ ಇಲ್ಲ. ನನಗೆ ನೋವಾದೀತೆಂದು ನೀವು ಮುಚ್ಚಿಡುತ್ತಿದ್ದೀರಿ. ನನ್ನ ಹಿಂದೆ ತಮ್ಮ ಹುಟ್ಟಿದ, ಗಟ್ಟಿಯಾಗಿ ಉಳಿದ. ಆಮೇಲೆ ನಾನು ಯಾರ ಲೆಕ್ಕದಲ್ಲಿದ್ದರೇನು ಎಂದು ಅವ್ವ ಮರೆತಿರಬೇಕು. ಇರಲಿ. ಅನ್ನ ಹಾಕಿದಳು, ಮದುವೆ ಮಾಡಿದಳು. ಅರವತ್ಮೂರು ವರ್ಷಕ್ಕೆ ಇದನ್ನೆಲ್ಲ ಕೆದಕಿ ನಿಮಗೆ ತೊಂದರೆ ಕೊಟ್ಟೆ. ಇನ್ನು ಕೇಳುವುದಿಲ್ಲ.

ಬಟ್ಟೆ ಮೆಷಿನ್ನು ಕೂಗುತ್ತಿದೆ.

ನಿಮ್ಮ
ಸತ್ಯವತಿ


ಹಾನಗಲ್
ಮಂಗಳವಾರ, 8 ಏಪ್ರಿಲ್ 2025

ಸತ್ಯವತಿಗೆ.

ನಿನ್ನ ಪತ್ರ ನಿನ್ನೆ ಬಂತು. ನೀನು ಅರ್ಥ ಮಾಡಿಕೊಂಡದ್ದು ಪೂರಾ ತಪ್ಪು. ಶಾಲೆಯಲ್ಲಿ ಇಂಥ ಉತ್ತರಕ್ಕೆ ಸೊನ್ನೆ ಕೊಡುತ್ತಿದ್ದೆ. ನನ್ನ ಬಗ್ಗೆ ಏನು ಬೇಕಾದರೂ ಅಂದುಕೋ. ನಿನ್ನ ಅವ್ವನ ಮೇಲೆ ಇದು ನಿಲ್ಲಬಾರದು. ಆದ್ದರಿಂದ ಬರೆಯುತ್ತೇನೆ.

ನಿನ್ನ ಅವ್ವ ಬಂದಿದ್ದಳು. ಒಮ್ಮೆ ಅಲ್ಲ, ಮೂರು ಸಲ.

ನಾನು ನಿಮ್ಮೂರಿಗೆ ಬಂದಾಗ ನನಗೆ ಇಪ್ಪತ್ನಾಲ್ಕು. ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಕಳಿಸಿಬಿಟ್ಟಿದ್ದರು. ಟ್ರೇನಿಂಗ್ ಮುಗಿಸಿ ನೌಕರಿ ಹಿಡಿದಿದ್ದೆ. ನೀನು ಹುಟ್ಟಿದ ಹನ್ನೊಂದನೆಯ ದಿನ ನಿನ್ನ ಅವ್ವ ಮೊರ ಹಿಡಿದು ನನ್ನ ಹೊಸ್ತಿಲಿಗೆ ಬಂದಳು. ಓಣಿಯ ಹೆಂಗಸರು, "ಅಕ್ಕೋರ ಕೈಗ ಯಾಕ? ಅವರಿಗೇ ಮಕ್ಕಳಿಲ್ಲ" ಅಂದರು. ಅವಳು, "ಅದಕ್ಕ ಅವರ ಕೈಗ ಕೊಡತೀನಿ. ಗಟ್ಟಿ ಹಿಡೀತಾರ" ಅಂದಳು. ನಾನು ಗಟ್ಟಿಯಾಗಿಯೇ ಹಿಡಿದೆ.

ಐದು ವರ್ಷ ನೀನು ಅವಳ ಮನೆಯಲ್ಲಿ ಮಲಗಿ ನನ್ನ ಮನೆಯಲ್ಲಿ ಎದ್ದ ಹಾಗಿತ್ತು. ಐದು ತುಂಬಿತು. ಅವಳು ಮೊರದ ತುಂಬ ತೌಡು ಹಿಡಿದು ಬಂದಳು. ನಾನು, "ಇವತ್ತು ಮಂಗಳವಾರ, ಬ್ಯಾಡ" ಅಂದೆ. ಮುಂದಿನ ವಾರ ಬಂದಳು. "ನಾಳೆ ಇನ್ಸ್‌ಪೆಕ್ಟರ್ ಬರೋರಿದ್ದಾರ, ನನಗ ಪುರಸತ್ತಿಲ್ಲ" ಅಂದೆ. ಮೂರನೆಯ ಸಲ ಬಂದಾಗ ನೀನು ನನ್ನ ಮುಂದೆ ಕೂತಿದ್ದೆ. ನಿನಗೆ ಜಡೆ ಹಾಕುತ್ತಿದ್ದೆ. ಒಂದು ಜಡೆ ಆಗಿತ್ತು, ಇನ್ನೊಂದು ಆಗಿರಲಿಲ್ಲ. ನನಗೆ ಯಾವ ನೆಪವೂ ಹೊಳೆಯಲಿಲ್ಲ. ಹಣಿಗೆ ಹಿಡಿದು ಸುಮ್ಮನೆ ಕೂತೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. "ಅರ್ಧ ಜಡಿ ಹಾಕಿದ ಹುಡುಗೀನ ಹೆಂಗ ಒಯ್ಯಲ್ರೀ ಅಕ್ಕೋರ. ಇರ್ಲಿ ಬಿಡ್ರಿ, ಇಬ್ಬರ ಮಗಳಾಗೇ ಇರ್ಲಿ. ಒಬ್ಬಾಕಿ ಕೈ ಬಿಟ್ಟರ ಇನ್ನೊಬ್ಬಾಕಿ ಹಿಡಕೋತಾಳ."

ತೌಡನ್ನು ಸೆರಗಿಗೆ ಸುರಿದುಕೊಂಡು ಹೋಗಿ ಎಮ್ಮೆಗೆ ಹಾಕಿದಳು. ಮೊರವನ್ನು ನನ್ನ ಮನೆಯಲ್ಲೇ ಬಿಟ್ಟಳು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ.

ನೀನು ಸಿನಿಮಾದ ಟೋಪಿಯವನ ಬಗ್ಗೆ ಬರೆದಾಗ ನನಗೆ ನನ್ನ ಬಗ್ಗೆಯೇ ಬರೆದಿದ್ದೀ ಅನ್ನಿಸಿತು. ಬೇರೆಯವರ ಮಗುವನ್ನು ಇಟ್ಟುಕೊಂಡವಳು, ಹೆಸರು ಬದಲಿಸಿದವಳು. ನಿನಗೆ ಎಲ್ಲವೂ ತಿಳಿದೇ ಕೇಳುತ್ತಿದ್ದೀ ಎಂದುಕೊಂಡೆ. ಅದಕ್ಕೇ ಆ ಒಣ ಪತ್ರ. ಶಿವರಾತ್ರಿಯಿಂದ ಯುಗಾದಿಯವರೆಗೆ ಸರಿಯಾಗಿ ಊಟ ಸೇರಲಿಲ್ಲ. ಎರಡನೆಯ ಪತ್ರ ಓದಿದ ಮೇಲೆ ತಿಳಿಯಿತು, ನೀನು ನನ್ನನ್ನು ದೂರಿರಲಿಲ್ಲ, ನಿನ್ನ ಅವ್ವನನ್ನು ದೂರುತ್ತಿದ್ದೆ. ಅದು ಇನ್ನೂ ಕೆಟ್ಟದ್ದು.

ಆ ಮೊರ ನನ್ನ ಬಳಿಯಿದೆ. ವರ್ಷಕ್ಕೊಮ್ಮೆ ಮೆಂತ್ಯದ ಹಿಟ್ಟು ಬಳಿದು ಒಣಗಿಸುತ್ತೇನೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಇದೆ, ನಿನ್ನ ಪತ್ರಗಳನ್ನು ಅದರಲ್ಲಿ ಇಡುತ್ತೇನೆ. ನಿನ್ನ ಪತ್ರ ಓದಿದ ಮೇಲೆ ಎದ್ದು ನೋಡಿದೆ. ಅಂಗಾತವೇ ಇದೆ.

ಈಗ ಒಂದು ಕೆಲಸ ಬಾಕಿ. ನಾನು ಹೋಗುವ ಮೊದಲು ನಿನ್ನನ್ನು ಬಿಟ್ಟುಕೊಡಬೇಕು. ನಿನ್ನ ಅವ್ವ ಇಲ್ಲ, ಅವಳ ಪರವಾಗಿ ನೀನೇ ಕೊಡು. ಮೊರದ ತುಂಬ ಬೇಡ, ಒಂದು ಹಿಡಿ ತೌಡು ಸಾಕು. ಇತ್ತ ಬರುವವರು ಯಾರಿದ್ದರೂ ಅವರ ಕೈಯಲ್ಲಿ ಕಳಿಸು. ಮೊರಕ್ಕೆ ಹಾಕಿ, ನಿನ್ನ ಅವ್ವನ ಹೆಸರು ಹೇಳಿ, ಕೈ ಬಿಡುತ್ತೇನೆ. ಕೆಳಗೆ ಗಿರಣಿಯಲ್ಲಿ ಚೀಲಗಟ್ಟಲೆ ಇದೆ. ಆದರೆ ಅದು ನಿನ್ನ ಕೈಯಿಂದ ಬರಬೇಕು.

ಅಂಬವ್ವ

ಕೈಬರಹದ ಸಾಲು ಓರೆಯಾಗಿವೆ, ಗೊತ್ತಿದೆ. ನನಗೂ ವಯಸ್ಸಾಯಿತು.


ಸನ್ನಿವೇಲ್
ಬುಧವಾರ, 30 ಏಪ್ರಿಲ್ 2025

ಅವ್ವನಿಗೆ.

ಸಂಜೆ ಐದು ಗಂಟೆ. ಇವತ್ತು ಬಸವ ಜಯಂತಿ, ಹೋಳಿಗೆ ಮಾಡಬೇಕಿತ್ತು, ಬೇರೆಯೇ ಒಂದು ಮಾಡಿದೆವು, ಮುಂದೆ ಹೇಳುತ್ತೇನೆ. ಬೆಳಿಗ್ಗೆ ತಲೆಸ್ನಾನ ಮಾಡಿದೆ. ನಿನ್ನ ಪತ್ರ ಸೋಮವಾರ ಬಂದಿತ್ತು. ಮೂರು ದಿನದಲ್ಲಿ ಎಂಟು ಸಲ ಓದಿದ್ದೇನೆ.

"ನೀನು" ಎಂದು ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಕ್ಕೋರಿಗೆ ನೀವು ಅನ್ನಬಹುದು. ಅವ್ವನಿಗೆ ನೀವು ಅನ್ನಲು ನನಗೆ ಬರುವುದಿಲ್ಲ.

ಆ ಅರ್ಧ ಜಡೆ ನನಗೆ ನೆನಪಾಯಿತು. ಜಡೆ ನೆನಪಾಗಲಿಲ್ಲ, ತಲೆಯ ಹಿಂದೆ ಹಣಿಗೆ ನಿಂತದ್ದು ನೆನಪಾಯಿತು. ಹೆತ್ತ ಅವ್ವ ನಕ್ಕದ್ದೂ ನೆನಪಿದೆ. ಯಾಕೆ ನಕ್ಕಳೆಂದು ಕೇಳಿದರೆ ನೀವಿಬ್ಬರೂ ಹೇಳಿರಲಿಲ್ಲ. ನನ್ನ ಮದುವೆಯಲ್ಲಿ ಮೊದಲ ಉಡಿ ಅಕ್ಕೋರೇ ತುಂಬಬೇಕೆಂದು ಅವ್ವ ಹಟ ಹಿಡಿದದ್ದು, ಬೀಗರ ಕಡೆಯ ಹೆಂಗಸರು ಗುಸುಗುಸು ಅಂದದ್ದು, ಅವಳು ಲೆಕ್ಕಿಸದೆ ನಿನ್ನ ಕೈಗೆ ಕೊಬ್ಬರಿ ಬಟ್ಟಲು ಇಟ್ಟದ್ದು. ಕಲಿಸಿದವರಿಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆ. ಇಷ್ಟು ದೊಡ್ಡ ಸಂಕೇತ ನನ್ನ ಉಡಿಯಲ್ಲೇ ಬಿದ್ದಿತ್ತು. ನಾನು ಆಸ್ಟ್ರೇಲಿಯಾದ ಸಿನಿಮಾದಲ್ಲಿ ಹುಡುಕಿದೆ.

ಟೋಪಿಯವನೆಂದು ನಿನ್ನನ್ನು ನೀನೇ ಅಂದುಕೊಂಡದ್ದು ಓದಿ ಬಹಳ ಸಂಕಟವಾಯಿತು. ತನ್ವಿಗೆ ಹೇಳಿದೆ. ಅವಳು ತಟ್ಟನೆ ಅಂದಳು, "ಅವನು ಇದ್ದಿಲು ಒರೆಸಿದ. ಟೀಚರ್ ಅಜ್ಜಿ ಜಡೆ ಹಾಕಿದ್ರು. ನಾಟ್ ದಿ ಸೇಮ್." ಅವನು ಕರೆದುಕೊಂಡು ಹೋದದ್ದು ತಾಯಿ ಕೂಗಿದರೂ ಕೇಳಿಸದಷ್ಟು ದೂರಕ್ಕೆ. ನೀನು ಇಟ್ಟುಕೊಂಡದ್ದು ಒಂದು ಗೋಡೆಯ ಆಚೆಗೆ. ಕಿವಿ ಆಗ ಚೆನ್ನಾಗಿತ್ತಲ್ಲ ನಿನಗೆ, ಅವ್ವ ಕೂಗಿದಾಗೆಲ್ಲ ಕಳಿಸಿದೆ.

ಗಾರ್ಗಿಗೂ ಎಲ್ಲ ಹೇಳಿದೆ. ಅವಳು ಸ್ವಲ್ಪ ಅತ್ತು, ಸ್ವಲ್ಪ ನಕ್ಕು, "ಹಾಗಾದ್ರೆ ನನಗೆ ಇಬ್ಬರು ಅಜ್ಜಿ ಇದ್ರು, ಒಬ್ಬರ ಹತ್ರ ಲೀವಲ್ಲಿ ಹೋಗಿ ಇರಬಹುದಿತ್ತು, ನೀನು ಹೇಳಲಿಲ್ಲ" ಎಂದು ಜಗಳ ತೆಗೆದಳು. ಇವರ ಫೋಟೋದ ಮುಂದೆ ನಿಂತು, "ನನ್ನ ಹೆಸರು ತೌಡವ್ವ" ಎಂದು ಹೇಳಿದೆ. ಬಾಯಿಬಿಟ್ಟು ಹೇಳಿದೆ. ಇವರು ಇದ್ದಿದ್ದರೆ ಊಟ ಬಡಿಸುವಾಗಲೆಲ್ಲ ಕರೆದು ಕರೆದು ಕಾಡುತ್ತಿದ್ದರು. ಎಂಟು ತಿಂಗಳಲ್ಲಿ ಇವರನ್ನು ನೆನೆದು ನಕ್ಕದ್ದು ಅದೇ ಮೊದಲು. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಇನ್ನು ತೌಡು. ನಿನ್ನೆ ತನ್ವಿಯ ಶಾಲೆ ಬಿಟ್ಟ ಮೇಲೆ ಇಬ್ಬರೂ ಹುಡುಕಲು ಹೋದೆವು. ನಮ್ಮವರ ಅಂಗಡಿಯಲ್ಲಿ ಕೇಳಿದರೆ ಅವನು, "ಅದೆಲ್ಲ ಇಡಲ್ಲ ಆಂಟಿ, ದನ ಎಲ್ಲಿದೆ ಇಲ್ಲಿ?" ಎಂದು ನಕ್ಕ. ಆಮೇಲೆ ದೊಡ್ಡ ಗ್ರೋಸರಿಗೆ ಹೋದೆವು. ಅವ್ವಾ, ಅಲ್ಲಿ ತೌಡು ಬಣ್ಣದ ಪೊಟ್ಟಣದಲ್ಲಿ, ಆರೋಗ್ಯದ ತಿಂಡಿಗಳ ಸಾಲಿನಲ್ಲಿ, ಜೇನುತುಪ್ಪದ ಪಕ್ಕದಲ್ಲಿ ನಿಂತಿದೆ. ಇಲ್ಲಿಯ ಜನ ಅದನ್ನು ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುತ್ತಾರಂತೆ. ತನ್ವಿ ಬೆಲೆ ನೋಡಿ, "ಅಜ್ಜಿ, ಯೂ ಆರ್ ಎಕ್ಸ್‌ಪೆನ್ಸಿವ್" ಅಂದಳು. ಬೇಡವಾದದ್ದರ ಹೆಸರು ಎಂದು ಜೀವಮಾನವಿಡೀ ನಾಚಿಕೊಂಡಿದ್ದೆ. ಅಂಗಡಿಯಲ್ಲಿ ನಿಂತು ನಗುತ್ತಲೇ ಇದ್ದೆ. ಒಬ್ಬಳು ಬಂದು ಸಹಾಯ ಬೇಕೇ ಎಂದು ಕೇಳಿದಳು.

ಒಂದು ಪೊಟ್ಟಣ ತಂದೆವು. ಗಾರ್ಗಿಯ ಆಫೀಸಿನವರೊಬ್ಬರು, ಅರವಿಂದ ಎಂದು, ಮುಂದಿನ ತಿಂಗಳು ಹುಬ್ಬಳ್ಳಿಗೆ ಹೊರಟಿದ್ದಾರೆ. ಹಾನಗಲ್ಲಿಗೆ ಮುಟ್ಟಿಸುತ್ತೇನೆ ಎಂದು ಒಪ್ಪಿಕೊಂಡಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಒಂದು ಹಿಡಿ ತೆಗೆದು ಚಿಕ್ಕ ಚೀಲಕ್ಕೆ ಹಾಕಿ ಕಟ್ಟಿದೆ. ಕಟ್ಟಿ ಮೇಜಿನ ಮೇಲೆ ಇಟ್ಟೆ. ಹತ್ತರಿಂದ ಮಧ್ಯಾಹ್ನದವರೆಗೆ ಅದರ ಎದುರು ಕೂತಿದ್ದೆ.

ಶಾಲೆಯಿಂದ ಬಂದ ತನ್ವಿ ಚೀಲ ನೋಡಿದಳು, ನನ್ನನ್ನು ನೋಡಿದಳು. "ಕಳಿಸಿದ್ರೆ ಏನಾಗುತ್ತೆ?" ಅಂದಳು.

"ಅವರ ಕೈ ಬಿಟ್ಟ ಹಾಗೆ" ಅಂದೆ.

"ಕಳಿಸದೇ ಇದ್ರೆ?"

ನಾನು ಎದ್ದು ಚೀಲದ ಗಂಟು ಬಿಚ್ಚಿದೆ. ಹಿಡಿ ತೌಡನ್ನೂ ಪೊಟ್ಟಣದಲ್ಲಿ ಉಳಿದದ್ದನ್ನೂ ಬೋಗುಣಿಗೆ ಸುರಿದೆ. ಬೆಲ್ಲ, ಬಾಳೆಹಣ್ಣು, ಮೊಸರು ಹಾಕಿ ಕಲಸಿದೆವು. ತನ್ವಿ ಫೋನು ನೋಡಿಕೊಂಡು ಓವನ್ನಿಗೆ ಇಟ್ಟಳು. ಹನ್ನೆರಡು ಮಫಿನ್ನುಗಳಾದವು. ತಳ ಸ್ವಲ್ಪ ಸೀದಿದೆ. ನಾನು ಎರಡು ತಿಂದೆ, ಗಾರ್ಗಿ ಮೀಟಿಂಗಿನ ನಡುವೆ ಬಂದು ಮೂರು ತಿಂದಳು, ಉಳಿದದ್ದನ್ನು ತನ್ವಿ ಪಕ್ಕದ ಮನೆಗಳಿಗೆ ಹಂಚಿ ಬಂದಳು. ಯಾರೂ ಅದೇನೆಂದು ಕೇಳಲಿಲ್ಲ, ಎಲ್ಲರೂ ಚೆನ್ನಾಗಿದೆ ಎಂದರು.

ಹಾಗಾಗಿ ಅವ್ವಾ, ತೌಡು ಮುಗಿದುಹೋಗಿದೆ. ನಿನಗೆ ಕಳಿಸಲು ಒಂದು ಹಿಡಿಯೂ ಉಳಿದಿಲ್ಲ. ಆ ಮೊರ ಹೇಗಿದೆಯೋ ಹಾಗೇ ಇರಲಿ, ಬೋರಲು ಹಾಕಬೇಡ. ಈ ಪತ್ರವನ್ನೂ ಅದರಲ್ಲೇ ಇಡು.

ಊಟ ಬಿಡಬೇಡ. ಏಕಾದಶಿಗೂ ಉಪವಾಸ ಬೇಡ, ಡಾಕ್ಟರು ಹೇಳಿದ ಮೇಲೆ ಬೇಡ. ಮಗಳು ಹೇಳುತ್ತಿದ್ದೇನೆ.

ನಿನ್ನ
ತೌಡವ್ವ

ನಾಳೆ ಗುರುವಾರ. ಈ ಪತ್ರ ಒಯ್ಯಲು ಅಂಚೆಯವಳು ಹನ್ನೊಂದು ಗಂಟೆಗೆ ಬರುತ್ತಾಳೆ.